ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂ ಸ್ಟೇಷನ್

ಬಂಗಾರಪೇಟೆ ಜಂಕ್ಷನ್‌ನಿಂದ ಕೋಲಾರದ ಚಿನ್ನದ ಗಣಿಗಳ ಊರಾದ ಕೆಜಿಎಫ್ ಕಡೆಗೆ ಒಂದು ಕವಲು ಹಳಿ ಹೊರಡುತ್ತದೆ. ಉದ್ದ ಸುಮಾರು 16 ಕಿಲೋಮೀಟರ್, ಅಷ್ಟೇ. ಬಿಇಎಂಎಲ್ ನಗರ, ಕೋರಮಂಡಲ್, ಉರಿಗಾಂ, ಚಾಂಪಿಯನ್ ಎಂಬ ನಾಲ್ಕು ಪುಟ್ಟ ನಿಲ್ದಾಣಗಳನ್ನು ದಾಟಿದರೆ ಮಾರಿಕುಪ್ಪಂ. ಅಲ್ಲಿಗೆ ಹಳಿ ಮುಗಿಯಿತು. ನಡುವೆ ಬರುವ ಕೋರಮಂಡಲ್, ಉರಿಗಾಂ, ಚಾಂಪಿಯನ್ ಮೂರೂ ಚಿನ್ನದ ಗಣಿಗಳ ಹೆಸರು. ಮಾರಿಕುಪ್ಪಂನಲ್ಲಿದ್ದದ್ದು ಮೈಸೂರು ಮೈನ್. ಈಗ ಇವುಗಳಲ್ಲಿ ಒಂದೂ ನಡೆಯುತ್ತಿಲ್ಲ. ಆದರೂ ಹಳದಿ ಬೋರ್ಡಿನ ಮೇಲೆ ಹೆಸರು ಹಾಗೇ ಇದೆ. ಗಾಡಿ ಒಂದೊಂದರ ಮುಂದೆಯೂ ಗಳಿಗೆ ಹೊತ್ತು ನಿಂತು ಜನರನ್ನು ಹತ್ತಿಸಿಕೊಂಡು ಮುಂದೆ ಹೋಗುತ್ತದೆ.

ನಾಡಿನ ಎಷ್ಟೋ ಊರುಗಳಲ್ಲಿ ರೈಲ್ವೆ ಸ್ಟೇಷನ್ ಎಂದರೆ ನೆಂಟರು ಬಂದಾಗ, ತಿರುಪತಿಗೆ ಹೊರಟಾಗ ನೆನಪಾಗುವ ಜಾಗ. ಮಾರಿಕುಪ್ಪಂ ಹಾಗಲ್ಲ. ಇನ್ನೂ ಕತ್ತಲಿರುವಾಗಲೇ ಸುತ್ತಲಿನ ಸಾಲುಮನೆಗಳಲ್ಲಿ ದೀಪ ಹೊತ್ತುತ್ತದೆ. ಅನ್ನ ಬೆಂದು, ಡಬ್ಬಿ ತುಂಬಿ, ಮಲಗಿದ ಮಕ್ಕಳಿಗೆ ಹೊದಿಕೆ ಸರಿಮಾಡಿ ಹೊರಟ ಹೆಂಗಸರು ಗಂಡಸರು ಗುಂಪುಗುಂಪಾಗಿ ಸ್ಟೇಷನ್ ದಾರಿ ಹಿಡಿಯುತ್ತಾರೆ. ಕೆಲಸ ಇರುವುದು ಸುಮಾರು 90 ಕಿಲೋಮೀಟರ್ ಆಚೆ, ಬೆಂಗಳೂರಿನಲ್ಲಿ. ಮಲಗಲು ಮನೆ ಇರುವುದು ಇಲ್ಲಿ. ಇವೆರಡನ್ನೂ ಜೋಡಿಸಿ ಹಿಡಿದಿರುವುದು ಈ ಗಾಡಿ.

ದಿನವೂ ಹೀಗೆ ಹೋಗಿಬರುವವರು ಸಾವಿರಾರು ಮಂದಿ. 2011ರ ಜನಗಣತಿಯ ಪ್ರಕಾರ ಕೆಜಿಎಫ್ ಪಟ್ಟಣದ ಜನಸಂಖ್ಯೆ 1.6 ಲಕ್ಷದ ಆಸುಪಾಸು. ಸಾಲುಮನೆಗಳ ಕಡೆ ರೈಲಿನಲ್ಲಿ ಓಡಾಡುವವರು ಒಬ್ಬರೂ ಇಲ್ಲದ ಬೀದಿಯನ್ನು ಹುಡುಕುವುದು ಕಷ್ಟ.

ಹಳಿ ಹಾಕಿದವರ ಲೆಕ್ಕ ಬೇರೆಯೇ ಇತ್ತು. ಮದ್ರಾಸ್ ಕಡೆಯಿಂದ ಜೋಲಾರ್‌ಪೇಟೆಯ ಮೂಲಕ ಬೆಂಗಳೂರು ದಂಡಿಗೆ ರೈಲು ಬಂದದ್ದು 1864ರಲ್ಲಿ. ಆ ದಾರಿಯಲ್ಲಿದ್ದ ಬೌರಿಂಗ್‌ಪೇಟೆಯೇ ಇಂದಿನ ಬಂಗಾರಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಎಲ್. ಬಿ. ಬೌರಿಂಗ್ ಅವರ ಹೆಸರು ಅದಕ್ಕಿತ್ತು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿ ಕೆಲಸಕ್ಕೆ ಕೈ ಹಾಕಿತು. ಬಾಯ್ಲರು, ಪಂಪು, ಅದಿರು ಕುಟ್ಟುವ ಯಂತ್ರ ಇವೆಲ್ಲ ಸಮುದ್ರ ದಾಟಿ, ರೈಲು ಹತ್ತಿ ಬೌರಿಂಗ್‌ಪೇಟೆ ತನಕ ಸಲೀಸಾಗಿ ಬರುತ್ತಿದ್ದವು. ಅಲ್ಲಿಂದ ಮುಂದೆ ಎತ್ತಿನ ಗಾಡಿಯೇ ಗತಿ. ಟನ್‌ಗಟ್ಟಲೆ ತೂಗುವ ಕಬ್ಬಿಣವನ್ನು ಎತ್ತುಗಳ ಕೈಯಲ್ಲಿ ಎಷ್ಟು ದಿನ ಎಳೆಸಲಾದೀತು? 1894ರಲ್ಲಿ ಮಾರಿಕುಪ್ಪಂವರೆಗಿನ ಕವಲು ಹಳಿ ತೆರೆಯಿತು. ಹಣ ಹಾಕಿದ್ದು ಮೈಸೂರು ಸಂಸ್ಥಾನ, ಗಾಡಿ ಓಡಿಸಿದ್ದು ಮದ್ರಾಸ್ ರೈಲ್ವೆ.

ಯಂತ್ರದ ಜೊತೆಗೆ ಮನುಷ್ಯರೂ ಅದೇ ಹಳಿಯ ಮೇಲೆ ಬಂದರು. ಉತ್ತರ ಆರ್ಕಾಟ್, ಚಿತ್ತೂರು, ಸೇಲಂ ಕಡೆಯ ಬರಪೀಡಿತ ಹಳ್ಳಿಗಳಲ್ಲಿ ಜಮೀನಿಲ್ಲದ ದಲಿತ ಕುಟುಂಬಗಳಿಗೆ ಗಣಿ ಎಂದರೆ ಜೀವಕ್ಕೆ ಅಪಾಯದ ಕೆಲಸ ನಿಜ, ಆದರೆ ಊರ ಗೌಡನ ಜೀತಕ್ಕಿಂತ ವಾಸಿ. ಸುತ್ತಲಿನ ಕೋಲಾರ ಜಿಲ್ಲೆಯಲ್ಲಿ ಕನ್ನಡ, ತೆಲುಗು ಕೇಳುತ್ತಿದ್ದರೆ ಗಣಿಯ ಸಾಲುಮನೆಗಳಲ್ಲಿ ತಮಿಳು ಕೇಳಿಬರಲು ಇದೇ ಕಾರಣ. ಇಂದಿಗೂ ಬೆಳಗಿನ ಗಾಡಿಯ ಒಂದೇ ಬೋಗಿಯಲ್ಲಿ ಮೂರೂ ಭಾಷೆ ಬೆರೆತು ಓಡುತ್ತವೆ. ಹರಟೆ ತಮಿಳಿನಲ್ಲಿ, ಟಿ.ಟಿ.ಇ. ಬಂದರೆ ಕನ್ನಡದಲ್ಲಿ, ಬಂಗಾರಪೇಟೆಯಲ್ಲಿ ಹತ್ತಿದ ಗೆಳತಿಯ ಜೊತೆ ತೆಲುಗಿನಲ್ಲಿ. ಬೆಂಗಳೂರು ತಲುಪುವ ಹೊತ್ತಿಗೆ ಅದಕ್ಕೆ ಹಿಂದಿಯೂ ಒಂದಿಷ್ಟು ಸೇರಿರುತ್ತದೆ.

ಆ ಕಾಲದ ಕೆಜಿಎಫ್ ಬೆಂಗಳೂರಿಗಿಂತ ಒಂದು ಕೈ ಮೇಲೆಯೇ ಇತ್ತು ಎಂದು ಊರಿನ ಹಿರಿಯರು ಹೇಳಿಕೊಳ್ಳುವುದರಲ್ಲಿ ಸುಳ್ಳೇನಿಲ್ಲ. ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ತೆಗೆದ ವಿದ್ಯುತ್ತು 147 ಕಿಲೋಮೀಟರ್ ತಂತಿಯ ಮೇಲೆ ಹರಿದು 1902ರಲ್ಲಿ ಮೊದಲು ಬಂದದ್ದು ಗಣಿಗೆ. ಬೆಂಗಳೂರಿನ ಬೀದಿಗಳಿಗೆ ಬೆಳಕು ಬರಲು 1905ರವರೆಗೆ ಕಾಯಬೇಕಾಯಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. 1965ರಲ್ಲಿ ವಿಜ್ಞಾನಿಗಳು ವಾತಾವರಣದ ನ್ಯೂಟ್ರಿನೋಗಳನ್ನು ಪತ್ತೆ ಹಚ್ಚಿದ್ದು ಈ ಗಣಿಯ ಆಳದಲ್ಲೇ. ಊರಿಗೆ ಗಡಿಯಾರ ಎಂದರೆ ಗಣಿಯ ಸೈರನ್. ಅದು ಕೂಗಿದಾಗ ಪಾಳಿ ಬದಲು, ಅದು ಕೂಗಿದಾಗ ಊಟ, ಅದು ಹೊತ್ತಲ್ಲದ ಹೊತ್ತಿನಲ್ಲಿ ಕೂಗಿದರೆ ಒಳಗೆ ಏನೋ ಅನಾಹುತ ಎಂದು ಹೆಂಗಸರು ಬಾವಿಯ ಬಾಯಿಗೆ ಓಡುವುದು. ಗಣಿಯ ಲಂಬ ಸುರಂಗವನ್ನು ಅಲ್ಲಿ ಬಾವಿ ಎಂದೇ ಕರೆಯುತ್ತಿದ್ದವರೂ ಇದ್ದರು.

ಸುಮಾರು 120 ವರ್ಷಗಳಲ್ಲಿ ಇಲ್ಲಿಂದ ಹೊರಬಂದ ಚಿನ್ನ ಹತ್ತಿರಹತ್ತಿರ 800 ಟನ್. ಆಳ ಹೆಚ್ಚಾದಂತೆ ಖರ್ಚು ಏರಿತು, ಟನ್ ಅದಿರಿನಲ್ಲಿ ಸಿಗುವ ಚಿನ್ನ ಕೆಲವೇ ಗ್ರಾಮಿಗೆ ಇಳಿಯಿತು. ಸರ್ಕಾರಿ ಕಂಪನಿಯಾದ ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರುವರಿ 28ರಂದು ಬಾಗಿಲು ಹಾಕಿತು. ಸೈರನ್ನೂ ಅಂದಿಗೆ ನಿಂತಿತು.

ಪ್ರಪಂಚದ ಗಣಿ ಊರುಗಳ ಚರಿತ್ರೆ ನೋಡಿದರೆ ಮುಂದಿನ ಅಧ್ಯಾಯ ಸಾಮಾನ್ಯವಾಗಿ ಒಂದೇ ಥರ. ಅದಿರು ಮುಗಿದಾಗ ಜನ ಗಂಟುಮೂಟೆ ಕಟ್ಟುತ್ತಾರೆ, ಕಿಟಕಿ ಬಾಗಿಲು ಕಳಚಿಹೋಗುತ್ತವೆ, ಆಮೇಲೆ ಪ್ರವಾಸಿಗಳು ಹಾಳು ಮನೆಗಳ ಫೋಟೊ ತೆಗೆಯಲು ಬರುತ್ತಾರೆ. ಕೆಜಿಎಫ್‌ನಲ್ಲಿ ಗಣಿಯ ಕಟ್ಟಡಗಳು ಹಾಳಾದವು, ಬಂಗಲೆಗಳು ಹಾಳಾದವು, ಊರು ಮಾತ್ರ ಖಾಲಿಯಾಗಲಿಲ್ಲ. ಕಾರಣ ಹುಡುಕಿಕೊಂಡು ಬಹಳ ದೂರ ಹೋಗಬೇಕಾಗಿಲ್ಲ. ಕೂಲಿಯವರನ್ನು ಒಳಗೆ ತಂದಿದ್ದ ಹಳಿ ಕಿತ್ತುಹೋಗದೆ ಉಳಿದಿತ್ತು. ಅವರ ಮೊಮ್ಮಕ್ಕಳು ಅದೇ ಹಳಿಯ ಮೇಲೆ ದಿನವೂ ಹೊರಗೆ ಹೋಗಿ ಸಂಜೆ ವಾಪಸು ಬರತೊಡಗಿದರು.

ಇದರ ಹಿಂದೆ ಒಂದು ಸರಳ ಜಮಾಖರ್ಚಿದೆ. ರೈಲ್ವೆಯ ಮಾಸಿಕ ಸೀಸನ್ ಟಿಕೆಟ್, ಅಂದರೆ ಜನರ ಬಾಯಲ್ಲಿ ‘ಪಾಸು’, 150 ಕಿಲೋಮೀಟರ್‌ವರೆಗಿನ ದೂರಕ್ಕೆ ಸಿಗುತ್ತದೆ. ಮೂರು ತಿಂಗಳಿಗೆ ಒಟ್ಟಿಗೆ ತೆಗೆದರೆ ಮೂರು ಪಟ್ಟು ಕೊಡಬೇಕಿಲ್ಲ, 2.7 ಪಟ್ಟು ಸಾಕು. ಮಾರಿಕುಪ್ಪಂನಿಂದ ಬೆಂಗಳೂರಿಗೆ ತಿಂಗಳಿಡೀ ಓಡಾಡಲು ಬೇಕಾಗುವುದು ಕೆಲವು ನೂರು ರೂಪಾಯಿ. ಬಸ್ಸಿನಲ್ಲಿ ಒಂದು ವಾರ ಓಡಾಡಲೂ ಆ ಹಣ ಸಾಲದು. ಬೆಂಗಳೂರಿನಲ್ಲಿ ಮನೆ ಮಾಡುವ ಮಾತಂತೂ ದೂರವೇ ಉಳಿಯಿತು. ಒಂದು ಕೋಣೆಗೂ ಬಾಡಿಗೆ, ಅದರ ಹತ್ತು ಪಟ್ಟು ಅಡ್ವಾನ್ಸು, ನೀರಿನ ಟ್ಯಾಂಕರಿನ ಪಾಲು, ಮಕ್ಕಳ ಹೊಸ ಸ್ಕೂಲು ಎಲ್ಲ ಲೆಕ್ಕ ಹಾಕಿದರೆ ಗಾರ್ಮೆಂಟ್ಸ್ ಕೆಲಸದ ಸಂಬಳ ತಿಂಗಳ ಮೂರನೇ ವಾರಕ್ಕೇ ಮುಗಿದಿರುತ್ತದೆ. ಇಲ್ಲಿ ತಾತ ಗಣಿಯಲ್ಲಿ ದುಡಿಯುವಾಗ ಕಂಪನಿ ಕೊಟ್ಟ ಪುಟ್ಟ ಮನೆ ಇದೆ. ಹಕ್ಕುಪತ್ರದ ವ್ಯಾಜ್ಯ ಏನೇ ಇದ್ದರೂ ತಲೆಯ ಮೇಲೆ ಸೂರು ಇದೆ, ಪಕ್ಕದ ಮನೆಯಲ್ಲಿ ಅತ್ತೆಯೋ ಚಿಕ್ಕಮ್ಮನೋ ಇದ್ದಾರೆ. ಹಣದ ಬದಲು ಇವರು ಸಮಯ ಕೊಡುತ್ತಾರೆ. ಹೋಗಲು ಎರಡು ಗಂಟೆಗೂ ಮೇಲೆ, ಬರಲು ಅಷ್ಟೇ. ಗಾಡಿ ದಾರಿಯಲ್ಲಿ ನಿಂತರೆ ಇನ್ನೂ ಜಾಸ್ತಿ.

ಗಾಡಿ ಹೊರಡುವ ಸ್ಟೇಷನ್ ಆಗಿರುವುದರಿಂದ ಮಾರಿಕುಪ್ಪಂನವರಿಗೆ ಒಂದು ದೊಡ್ಡ ಅನುಕೂಲ: ಸೀಟು. ಇಲ್ಲಿ ಹತ್ತಿದವರು ಕಿಟಕಿ ಪಕ್ಕ ಕೂತು ಇನ್ನೊಂದು ನಿದ್ದೆ ತೆಗೆಯಬಹುದು. ಚಾಂಪಿಯನ್, ಉರಿಗಾಂನವರಿಗೂ ಹೆಚ್ಚು ತೊಂದರೆಯಿಲ್ಲ. ಬಂಗಾರಪೇಟೆಯ ಹೊತ್ತಿಗೆ ಮೂವರ ಸೀಟಿನಲ್ಲಿ ನಾಲ್ವರು, ಆಮೇಲೆ ಐವರು. ಟೇಕಲ್, ಮಾಲೂರಿನಲ್ಲಿ ಹತ್ತುವವರಿಗೆ ಕಾಲೂರಲು ಜಾಗ ಸಿಕ್ಕರೆ ಅದೇ ಪುಣ್ಯ. ವೈಟ್‌ಫೀಲ್ಡ್ ಹತ್ತಿರ ಬಂದಾಗ ಬಾಗಿಲಲ್ಲಿ ನೇತಾಡುವವರನ್ನು ನೋಡಿದರೆ ನೋಡುವವರಿಗೇ ಎದೆ ಝಲ್ಲೆನ್ನುತ್ತದೆ.

ಸೀಟಿನ ವಿಚಾರದಲ್ಲಿ ಎಲ್ಲೂ ಬರೆದಿಡದ ಕಟ್ಟಳೆಗಳೂ ಇವೆ. ದಿನವೂ ಒಂದೇ ಬೋಗಿ, ಒಂದೇ ಮೂಲೆ, ಒಂದೇ ಗುಂಪು. ತಡವಾಗಿ ಬರುವ ಗೆಳತಿಗೆಂದು ಕರ್ಚೀಫೋ ಬ್ಯಾಗೋ ಇಟ್ಟು ಜಾಗ ಹಿಡಿಯುತ್ತಾರೆ. ಅಪರೂಪಕ್ಕೆ ಆ ಗಾಡಿ ಹತ್ತಿದ ಹೊಸಬರು, “ಟಿಕೆಟ್ ನಾವೂ ತಗೊಂಡಿದೀವಿ” ಎಂದು ಜಗಳಕ್ಕೆ ನಿಲ್ಲುತ್ತಾರೆ. ನ್ಯಾಯ ಹೊಸಬರ ಕಡೆಗೇ ಇದೆ ಎನ್ನಬೇಕು. ಕಾಯ್ದಿರಿಸದ ಬೋಗಿಯಲ್ಲಿ ಕರ್ಚೀಫಿಗೆ ಯಾವ ಹಕ್ಕೂ ಇಲ್ಲ. ಆದರೆ ವರ್ಷಗಟ್ಟಲೆ ದಿನಕ್ಕೆ ನಾಲ್ಕೈದು ಗಂಟೆ ಅದೇ ಮರದ ಹಲಗೆ, ಅದೇ ರೆಕ್ಸಿನ್ನಿನ ಮೇಲೆ ಬಾಳುವೆ ಮಾಡಿದವರಿಗೆ ಆ ಮೂಲೆ ತಮ್ಮ ಮನೆಯ ಜಗುಲಿ ಅನ್ನಿಸಿಬಿಟ್ಟಿರುತ್ತದೆ.

ಆ ಜಗುಲಿಯ ಮೇಲೆ ನಡೆಯದ ಕೆಲಸವೇ ಇಲ್ಲ. ಹೂ ಕಟ್ಟುವವರು, ಸಂಜೆಯ ಸಾರಿಗೆ ಹುರುಳಿಕಾಯಿ ಬಿಡಿಸುವವರು, ಫೋನಿನಲ್ಲಿ ಸಿನಿಮಾ ನೋಡುವವರು, ಬೈಬಲ್ ಓದುವವರು, ಪಿ.ಯು. ಪರೀಕ್ಷೆಗೆ ಓದಿಕೊಳ್ಳುವ ಹುಡುಗ, ಎಲ್ಲರ ಗದ್ದಲದ ನಡುವೆ ಬಾಯಿ ತೆರೆದು ಮಲಗಿದ ಸೆಕ್ಯುರಿಟಿ ಗಾರ್ಡು. ಚೀಟಿ ವ್ಯವಹಾರ ಇಲ್ಲೇ, ಹೆಣ್ಣು ಗಂಡಿನ ವಿಚಾರವೂ ಇಲ್ಲೇ. ಆಯುಧಪೂಜೆಗೆ ತಮ್ಮ ಬೋಗಿಗೆ ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ಕಡಲೆಪುರಿ ಹಂಚುವುದು ಪಾಸಿನವರ ಗಾಡಿಗಳಲ್ಲಿ ನಡೆದುಬಂದ ಪದ್ಧತಿ. ಒಬ್ಬರು ಎರಡು ದಿನ ಕಾಣಿಸದಿದ್ದರೆ ಮೂರನೆಯ ದಿನ ಯಾರಾದರೂ ಮನೆಗೆ ಹೋಗಿ ವಿಚಾರಿಸಿಕೊಂಡು ಬರುತ್ತಾರೆ. ಕೆಲಸ ಖಾಲಿ ಇರುವ ಸುದ್ದಿಯೂ ಪತ್ರಿಕೆಯ ಜಾಹೀರಾತಿಗಿಂತ ಮುಂಚೆ ಈ ಬೋಗಿಗಳಲ್ಲಿ ಓಡಾಡುತ್ತದೆ. “ನಮ್ಮ ಫ್ಲೋರಲ್ಲಿ ಇಬ್ಬರು ಬೇಕಂತೆ, ನಿನ್ನ ತಂಗೀನ ಸೋಮವಾರ ಕರ್ಕೊಂಡು ಬಾರಕ್ಕ” ಎಂದರೆ ಸೋಮವಾರ ಒಂದು ಪಾಸು ಹೆಚ್ಚಾಯಿತು ಎಂದೇ ಅರ್ಥ.

ಹೆಣ್ಣುಮಕ್ಕಳ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. ಗಣಿಯ ಆಳದ ಕೆಲಸ ಗಂಡಸರದಾಗಿತ್ತು. ಗಂಡ ತಂದ ಸಂಬಳದಲ್ಲಿ ಮನೆ ನಡೆಯುತ್ತಿತ್ತು. 2001ರ ನಂತರ ಮನೆಯ ಗಂಡಸು ನಲವತ್ತೈದು ಐವತ್ತರ ವಯಸ್ಸಿನಲ್ಲಿ ಕೆಲಸ ಕಳೆದುಕೊಂಡು ಕೂತಾಗ ಹೊರಗೆ ಹೊರಟವರಲ್ಲಿ ಹೆಂಡತಿ, ಮಗಳು, ಸೊಸೆಯಂದಿರು ದೊಡ್ಡ ಸಂಖ್ಯೆಯಲ್ಲಿದ್ದರು. ಗಾರ್ಮೆಂಟ್ಸ್, ಆಸ್ಪತ್ರೆಯ ನರ್ಸಿಂಗ್, ಆಫೀಸುಗಳ ಹೌಸ್‌ಕೀಪಿಂಗ್, ಅಂಗಡಿಯ ಬಿಲ್ಲಿಂಗ್ ಕೌಂಟರ್, ಓದಿದವರಾದರೆ ಕಾಲ್ ಸೆಂಟರ್, ಸಾಫ್ಟ್‌ವೇರ್. ಒಬ್ಬಳೇ ಬಸ್ಸಿನಲ್ಲಿ ಹೋಗಿ ಬಾ ಎಂದರೆ ಒಪ್ಪದ ಅಪ್ಪಂದಿರು, ಬೀದಿಯ ಹತ್ತು ಹೆಂಗಸರ ಜೊತೆ ಲೇಡೀಸ್ ಬೋಗಿಯಲ್ಲಿ ಹೋಗುತ್ತಾಳೆ ಎಂದಾಗ ಒಪ್ಪಿದರು. ಆ ಬೋಗಿಗೆ ಗಂಡಸರು ಹತ್ತಿದರೆ ರೈಲ್ವೆ ಕಾಯ್ದೆಯ 162ನೇ ಕಲಮಿನಡಿ ದಂಡ ಬೀಳುತ್ತದೆ. ಕಾಯ್ದೆಗಿಂತ ಬೋಗಿಯಲ್ಲಿರುವ ಅಕ್ಕಂದಿರ ಬಾಯಿಗೆ ಹೆದರುವವರೇ ಹೆಚ್ಚು.

ಯಾರು ಎಲ್ಲಿ ಇಳಿಯುತ್ತಾರೆ ಎಂಬುದನ್ನು ಗಮನಿಸಿದರೆ ಬೆಂಗಳೂರಿನ ಪೂರ್ವ ಭಾಗದ ದುಡಿಮೆಯ ನಕ್ಷೆಯೇ ಬಿಡಿಸಿಕೊಳ್ಳುತ್ತದೆ. ಮಾಲೂರು ಹೆಂಚು, ಇಟ್ಟಿಗೆಯ ಊರು, ಈಗ ಕೈಗಾರಿಕಾ ಪ್ರದೇಶವೂ ಹೌದು. ಅಲ್ಲಿ ಕೆಲವರು ಇಳಿದು ಅದಕ್ಕಿಂತ ಹೆಚ್ಚು ಜನ ಹತ್ತುತ್ತಾರೆ. ದೇವನಗೊಂತಿಯಲ್ಲಿ ತೈಲ ಡಿಪೊ. ವೈಟ್‌ಫೀಲ್ಡ್‌ನಲ್ಲಿ ಒಂದು ದೊಡ್ಡ ಅಲೆ ಇಳಿಯುತ್ತದೆ. ಹೂಡಿಯಲ್ಲಿ ಇನ್ನೊಂದು. ಕೃಷ್ಣರಾಜಪುರ, ಬೈಯಪ್ಪನಹಳ್ಳಿ, ದಂಡು ದಾಟಿ ಮೆಜೆಸ್ಟಿಕ್ ತಲುಪುವವರಲ್ಲಿ ಅಂಗಡಿ, ಕಚೇರಿ ಕೆಲಸದವರು, ಕಾಲೇಜಿನ ಹುಡುಗರು. 2023ರ ಮಾರ್ಚ್‌ನಲ್ಲಿ ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ಗೆ ಮೆಟ್ರೊ ಶುರುವಾಯಿತು, ಅದೇ ವರ್ಷ ಅಕ್ಟೋಬರ್‌ನಲ್ಲಿ ಅದು ಬೈಯಪ್ಪನಹಳ್ಳಿಯ ಜೊತೆ ಕೂಡಿತು. ಅಂದಿನಿಂದ ಇಳಿಯುವ ಲೆಕ್ಕಾಚಾರವೇ ಬದಲಾಗಿದೆ. ಮೊದಲು ಸ್ಟೇಷನ್ನಿನಿಂದ ಕೆಲಸದ ಜಾಗಕ್ಕೆ ಬಸ್ಸಿನಲ್ಲಿ ಟ್ರಾಫಿಕ್ ಎಣಿಸುತ್ತ ಕೂರಬೇಕಿತ್ತು. ಈಗ ರೈಲಿಳಿದು ನೇರಳೆ ಮಾರ್ಗ ಹಿಡಿದರೆ ನಗರದ ಆ ತುದಿಯೂ ಸಿಗುತ್ತದೆ. ಆದರೆ ಮೆಟ್ರೊದ ದಿನದ ಖರ್ಚು ತಿಂಗಳ ರೈಲು ಪಾಸನ್ನು ಕೆಲವೇ ದಿನಗಳಲ್ಲಿ ಮೀರಿಸುತ್ತದೆ. ಹಾಗಾಗಿ ಸಾಫ್ಟ್‌ವೇರಿನವರು ಮೆಟ್ರೊ ಮೆಟ್ಟಿಲು ಹತ್ತುತ್ತಾರೆ, ಹೌಸ್‌ಕೀಪಿಂಗ್‌ನವರು ಬಸ್ ಸ್ಟಾಪಿಗೆ ನಡೆಯುತ್ತಾರೆ.

ಈ ಕಡೆ ಊರಿನಲ್ಲೂ ಗಾಡಿಯ ವೇಳೆಗೆ ಬದುಕು ಹೊಂದಿಕೊಂಡಿದೆ. ಬೆಳಗಿನ ಗಾಡಿಗೆ ಟೀ, ಬನ್ನು ಮಾರುವವರು, ಆಟೊದವರು, ಸೈಕಲ್ ಬೈಕ್ ನಿಲ್ಲಿಸಿಕೊಳ್ಳುವವರು ಎಲ್ಲರೂ ಕತ್ತಲಲ್ಲೇ ಎದ್ದಿರುತ್ತಾರೆ. ಸಂಜೆ ಗಾಡಿ ಇಳಿದವರು ಕೈಯಲ್ಲಿ ಡಬ್ಬಿ ಹಿಡಿದು ಸೀದಾ ಮನೆಗೆ ಹೋಗುವುದಿಲ್ಲ. ಸ್ಟೇಷನ್ ಹೊರಗೇ ತರಕಾರಿ, ಮೊಟ್ಟೆ, ಹೂವು ತೆಗೆದುಕೊಂಡೇ ಹೋಗುತ್ತಾರೆ. ಬಂಗಾರಪೇಟೆಯಲ್ಲಿ ಇಳಿಯುವವರಿಗೆ ಅಲ್ಲಿನ ಪಾನಿಪುರಿಯ ಆಸೆ. ತಿಳಿನೀರಿನಂತೆ ಕಾಣುವ ಆ ಪಾನಿ ನೋಡಲು ಸಪ್ಪೆ, ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ಈಗ ಬೆಂಗಳೂರಿನ ಗಲ್ಲಿಗಳಲ್ಲೂ ‘ಬಂಗಾರಪೇಟೆ ಪಾನಿಪುರಿ’ ಎಂಬ ಬೋರ್ಡು ಕಾಣಿಸುತ್ತದೆ.

ಗಾಡಿಯ ವಿಷಯಕ್ಕೆ ಬಂದರೆ, ಈ ಮಾರ್ಗದಲ್ಲಿ ಹೆಚ್ಚಾಗಿ ಓಡುವುದು ಮೆಮು. ಸಾಮಾನ್ಯ ಗಾಡಿಯಲ್ಲಿ ಎಂಜಿನ್ ಒಂದು ತುದಿಯಲ್ಲಿ ಇರುತ್ತದೆ. ಕೊನೆಯ ಸ್ಟೇಷನ್ ಬಂದಾಗ ಅದನ್ನು ಕಳಚಿ, ಪಕ್ಕದ ಹಳಿಯ ಮೇಲೆ ಸುತ್ತಿಸಿ ತಂದು, ಇನ್ನೊಂದು ತುದಿಗೆ ಸೇರಿಸಬೇಕು. ಮೆಮುವಿನಲ್ಲಿ ಎಂಜಿನ್ ಬೇರೆ ಇಲ್ಲ. ಮೋಟರು ಬೋಗಿಗಳಲ್ಲೇ ಇದ್ದು, ಎರಡೂ ತುದಿಯಲ್ಲಿ ಚಾಲಕರ ಕೋಣೆ ಇರುತ್ತದೆ. ಮಾರಿಕುಪ್ಪಂ ತಲುಪಿದ ಮೇಲೆ ಚಾಲಕ ಈ ತುದಿಯಿಂದ ಆ ತುದಿಗೆ ನಡೆದುಹೋದರೆ ಗಾಡಿ ತಿರುಗಿಕೊಂಡಂತೆಯೇ. ಮೇಲಾಗಿ ನಿಂತಲ್ಲಿಂದ ಬೇಗ ವೇಗ ಹಿಡಿಯುತ್ತದೆ. ಮೈಲಿಗೊಂದು ಕಡೆ ನಿಂತು ಹೊರಡುವ ಇಂಥ ಮಾರ್ಗಕ್ಕೆ ಅದಕ್ಕಿಂತ ಒಪ್ಪುವ ಗಾಡಿಯಿಲ್ಲ.

ಗಾಡಿ ಚುರುಕಾಗಿದ್ದರೆ ಸಾಲದು, ಹಳಿ ಖಾಲಿ ಇರಬೇಕು. ಬಂಗಾರಪೇಟೆಯಿಂದ ಮುಂದೆ ಇದು ಚೆನ್ನೈ–ಬೆಂಗಳೂರು ಮುಖ್ಯ ಮಾರ್ಗ. ಶತಾಬ್ದಿ, ಡಬಲ್ ಡೆಕ್ಕರ್, ಮೇಲ್, ಎಕ್ಸ್‌ಪ್ರೆಸ್, ಗೂಡ್ಸು, 2022ರ ನವೆಂಬರ್‌ನಿಂದ ವಂದೇ ಭಾರತ್ ಎಲ್ಲವೂ ಇದೇ ಎರಡು ಹಳಿಗಳ ಮೇಲೆ ಓಡಬೇಕು. ಹಿಂದಿನಿಂದ ಎಕ್ಸ್‌ಪ್ರೆಸ್ ಬರುತ್ತಿದ್ದರೆ ಪ್ಯಾಸೆಂಜರ್ ಗಾಡಿಯನ್ನು ಪಕ್ಕದ ಲೂಪಿಗೆ ಹಾಕಿ ನಿಲ್ಲಿಸುತ್ತಾರೆ. ಹವಾನಿಯಂತ್ರಿತ ಗಾಡಿಯಲ್ಲಿ ಕಾಫಿ ಕುಡಿಯುತ್ತಿರುವವರಿಗೆ ಐದು ನಿಮಿಷ ಉಳಿಯಿತು. ಲೂಪಿನಲ್ಲಿ ನಿಂತ ಬೋಗಿಯಲ್ಲಿ ಒಂಟಿ ಕಾಲಲ್ಲಿ ನಿಂತ ಗಾರ್ಮೆಂಟ್ಸ್ ಹುಡುಗಿ ಫ್ಯಾಕ್ಟರಿ ಗೇಟು ತಲುಪುವುದು ತಡವಾಯಿತು. ಹತ್ತು ನಿಮಿಷ ತಡವಾದರೆ ಅರ್ಧ ದಿನದ ಸಂಬಳ ಕತ್ತರಿಸುವ ಜಾಗಗಳಲ್ಲಿ ದುಡಿಯುವವರಿಗೆ ವೇಳಾಪಟ್ಟಿಯ ಒಂದೊಂದು ನಿಮಿಷವೂ ಬಾಯಿಪಾಠ. ಸಿಗ್ನಲ್ ಕೆಂಪಾದ ಕೂಡಲೇ ಬೋಗಿಯಲ್ಲಿ ಏಳುವ ಗೊಣಗಾಟದಲ್ಲಿ ಹಿಂದಿನಿಂದ ಬರುತ್ತಿರುವ ಗಾಡಿ ಯಾವುದೆಂದು ಹೇಳುವವರೂ ಇರುತ್ತಾರೆ.

ಈ ಗಾಡಿ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದನ್ನು 2020 ತೋರಿಸಿಕೊಟ್ಟಿತು. ಕೊರೊನಾ ಕಾರಣದಿಂದ ಆ ವರ್ಷದ ಮಾರ್ಚ್ ಕೊನೆಯಲ್ಲಿ ದೇಶದ ಪ್ರಯಾಣಿಕ ರೈಲುಗಳೆಲ್ಲ ನಿಂತವು. ನಗರದಲ್ಲಿ ಫ್ಯಾಕ್ಟರಿ, ಕಚೇರಿಗಳು ತೆರೆದ ಮೇಲೂ ಪ್ಯಾಸೆಂಜರ್ ಗಾಡಿಗಳು ತಿಂಗಳುಗಟ್ಟಲೆ ಹಳಿಗೆ ಬರಲಿಲ್ಲ. ಕೆಲವರು ಹತ್ತಾರು ಮಂದಿ ಸೇರಿ ವ್ಯಾನು ಗೊತ್ತುಮಾಡಿಕೊಂಡರು, ಸಂಬಳದ ದೊಡ್ಡ ಪಾಲು ಅದಕ್ಕೇ ಹೋಯಿತು. ಕೆಲವರು ಕೆಲಸ ಬಿಟ್ಟರು. ಗಾಡಿ ಮತ್ತೆ ಬಂದಾಗ ಎಕ್ಸ್‌ಪ್ರೆಸ್ ದರ ಹಾಕಿ, 10 ರೂಪಾಯಿ ಇದ್ದ ಕನಿಷ್ಠ ಟಿಕೆಟ್ಟನ್ನು 30 ರೂಪಾಯಿಗೆ ಏರಿಸಿದ್ದರು. ಬಿಇಎಂಎಲ್ ನಗರದಿಂದ ಬಂಗಾರಪೇಟೆಗೆ ಹೋಗುವ ಮುದುಕಿಗೂ ಮೂವತ್ತೇ. ಹಳೆಯ ದರ ವಾಪಸು ಬಂದದ್ದು 2024ರ ಫೆಬ್ರುವರಿಯಲ್ಲಿ.

ವಿಚಿತ್ರವೆಂದರೆ, ಇಷ್ಟೆಲ್ಲ ಇದ್ದೂ ರೈಲ್ವೆಯ ದಫ್ತರದಲ್ಲಿ ಇದು ಉಪನಗರ ರೈಲಲ್ಲ. ಮುಂಬೈ, ಚೆನ್ನೈ, ಕೋಲ್ಕತ್ತದ ಲೋಕಲ್‌ಗಳಿಗೆ ಇರುವ ಪ್ರತ್ಯೇಕ ಹಳಿ, ಕೆಲವೇ ನಿಮಿಷಕ್ಕೊಂದು ಗಾಡಿ ಎಂಬ ಏರ್ಪಾಡು ಇಲ್ಲಿಲ್ಲ. ಒಂದು ಗಾಡಿ ತಪ್ಪಿದರೆ ಮುಂದಿನದಕ್ಕೆ ಗಂಟೆಗಟ್ಟಲೆ ಕಾಯಬೇಕು. ಬೆಂಗಳೂರಿಗೆ ಉಪನಗರ ರೈಲು ಬೇಕೆಂಬ ದಶಕಗಳ ಕೂಗಿನ ಬಳಿಕ 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ 15,767 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಒಟ್ಟು 148 ಕಿಲೋಮೀಟರ್, ನಾಲ್ಕು ಮಾರ್ಗ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೂವಿನ ಹೆಸರುಗಳು. 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯೂ ಆಯಿತು. ಪೂರ್ವಕ್ಕೆ ಬರುವ ಪಾರಿಜಾತ ಮಾರ್ಗ ಕೆಂಗೇರಿಯಿಂದ ಹೊರಟು ವೈಟ್‌ಫೀಲ್ಡ್‌ನಲ್ಲಿ ನಿಲ್ಲುತ್ತದೆ. ಅಲ್ಲಿಂದಾಚೆ ಮಾಲೂರು, ಬಂಗಾರಪೇಟೆ, ಕೆಜಿಎಫ್‌ನವರ ಪಾಲಿಗೆ ಹೂವೂ ಇಲ್ಲ ಎಸಳೂ ಇಲ್ಲ. ದಂಡು–ವೈಟ್‌ಫೀಲ್ಡ್ ನಡುವೆ ಎರಡು ಹಳಿಗಳನ್ನು ನಾಲ್ಕು ಮಾಡುವ ಕೆಲಸ ಮುಗಿದರೆ ಲೂಪಿನಲ್ಲಿ ಕಾಯುವುದು ಒಂದಿಷ್ಟು ಕಡಿಮೆಯಾದೀತು.

ಬೆಂಗಳೂರಿನ ಪಶ್ಚಿಮಕ್ಕೂ ಇದೇ ಕಥೆಯ ಇನ್ನೊಂದು ರೂಪ ಇದೆ. ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರದಿಂದ ಪಾಸು ಹಿಡಿದು ಬರುವವರು ಕಡಿಮೆಯಿಲ್ಲ. ಅವರ ಸಮಾಧಾನಕ್ಕೆ ಮದ್ದೂರು ವಡೆ ಬೇರೆ. ಆದರೆ ಆ ಊರುಗಳಿಗೆ ಗದ್ದೆ ಇದೆ, ಕಬ್ಬು ಇದೆ, ಬೊಂಬೆ ಇದೆ, ರೇಷ್ಮೆ ಮಾರುಕಟ್ಟೆ ಇದೆ. ಗಾಡಿ ಅವರಿಗೆ ಹಲವು ದಾರಿಗಳಲ್ಲಿ ಒಂದು. ಮಾರಿಕುಪ್ಪಂನವರ ಸುತ್ತ ಇರುವುದು ಗಣಿಯ ತ್ಯಾಜ್ಯ ಸುರಿದ 13 ದಿಬ್ಬಗಳು. ಅದಿರಿನಿಂದ ಚಿನ್ನ ತೆಗೆಯಲು ಬಳಸಿದ ಸಯನೈಡ್‌ನಿಂದಾಗಿ ‘ಸಯನೈಡ್ ದಿಬ್ಬ’ ಎಂದೇ ಹೆಸರು. ಗಾಳಿಕಾಲದಲ್ಲಿ ಆ ಬೂದು ಪುಡಿ ಎದ್ದು ಮನೆ, ಒಗೆದ ಬಟ್ಟೆ, ನೀರಿನ ಕೊಡ ಎಲ್ಲದರ ಮೇಲೂ ಕೂರುತ್ತದೆ. ಸಿನಿಮಾದವರಿಗೆ ಹೊಡೆದಾಟದ ದೃಶ್ಯ ತೆಗೆಯಲು ಅದೊಂದು ಒಳ್ಳೆಯ ಜಾಗ. ಉಳುವವರಿಗೆ ಅಲ್ಲಿ ಏನೂ ಬೆಳೆಯುವುದಿಲ್ಲ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ರೈಲು ಈ ಊರನ್ನು ಉಳಿಸಿತು ಎನ್ನುವುದು ಎಷ್ಟು ನಿಜವೋ, ಊರಿನ ಬಗ್ಗೆ ಯೋಚಿಸಬೇಕಾದವರಿಗೆ ಅದೇ ಒಂದು ನೆಪವಾಯಿತು ಎನ್ನುವುದೂ ಅಷ್ಟೇ ನಿಜ. ಗಣಿ ಮುಚ್ಚಿ ಎರಡು ದಶಕ ದಾಟಿದೆ. ಗಣಿಯ ಜಮೀನಿನಲ್ಲಿ ಕೈಗಾರಿಕೆ ತರುವ ಮಾತು, ದಿಬ್ಬದ ಮಣ್ಣಿನಿಂದ ಉಳಿದ ಚಿನ್ನ ತೆಗೆಯುವ ಮಾತು, ಗಣಿಯನ್ನೇ ಮತ್ತೆ ತೆರೆಯುವ ಮಾತು ಪ್ರತಿ ಚುನಾವಣೆಗೂ ಕೇಳಿಬರುತ್ತದೆ. 1964ರಲ್ಲಿ ಶುರುವಾದ ಬಿಇಎಂಎಲ್ ಬುಲ್ಡೋಜರ್, ಎಕ್ಸ್‌ಕವೇಟರ್ ತಯಾರಿಸುತ್ತ ಇದೆ, ಆದರೆ ಗಣಿ ಬಿಟ್ಟುಹೋದ ಜಾಗವನ್ನು ಒಂದೇ ಕಾರ್ಖಾನೆ ತುಂಬಲಾರದು. ಜನ ದಂಗೆ ಏಳಲಿಲ್ಲ, ಊರು ಬಿಟ್ಟು ಓಡಲಿಲ್ಲ, ಉಪವಾಸ ಬೀಳಲಿಲ್ಲ. ಬೆಳಗ್ಗೆ ಎದ್ದು ಗಾಡಿ ಹತ್ತಿದರು. ಹಾಗಾಗಿ ಯಾರಿಗೂ ಅವಸರ ಕಾಣಲಿಲ್ಲ.

ಅದರ ಬೆಲೆ ತೆರುವುದು ಮನೆಯಲ್ಲಿ ಉಳಿದವರು. ಹಗಲು ಹೊತ್ತಿನಲ್ಲಿ ಈ ಬೀದಿಗಳಲ್ಲಿ ಕಾಣುವವರು ಮುದುಕರು, ಮಕ್ಕಳು. ಅಪ್ಪ ಅಮ್ಮ ಇಬ್ಬರೂ ಪಾಸಿನವರಾದರೆ ಮಗು ಎಚ್ಚರವಿರುವಾಗ ಅವರನ್ನು ನೋಡುವುದು ಭಾನುವಾರ ಮಾತ್ರ. ಶಾಲೆಯ ಮೀಟಿಂಗಿಗೆ ಅಜ್ಜಿ ಬರುತ್ತಾಳೆ, ವಾರ್ಡಿನ ನೀರಿನ ಗಲಾಟೆಗೆ ಗಣಿಯಲ್ಲಿ ದುಡಿದು ಎದೆ ಕೆಡಿಸಿಕೊಂಡ ಅಜ್ಜ ಹೋಗುತ್ತಾನೆ. ಮದುವೆ, ಸಾವು, ಜಾತ್ರೆ ಎಲ್ಲವೂ ಗಾಡಿ ಬರುವ ಹೊತ್ತು ನೋಡಿಕೊಂಡೇ ನಡೆಯಬೇಕು.

ಈಗ ಮಾರಿಕುಪ್ಪಂನ ಆಚೆಗೂ ಹಳಿ ಹಾಕುವ ಕೆಲಸ ನಡೆದಿದೆ. ಅದು ಗಡಿ ದಾಟಿ ಆಂಧ್ರದ ಕುಪ್ಪಂನಲ್ಲಿ ಚೆನ್ನೈ ಮಾರ್ಗವನ್ನು ಕೂಡಿಕೊಳ್ಳಬೇಕು. ಅದು ಮುಗಿದರೆ 1894ರಿಂದ ಕೊನೆಯ ಸ್ಟೇಷನ್ ಆಗಿದ್ದದ್ದು ನಡುವಿನ ಒಂದು ಸ್ಟೇಷನ್ ಆಗುತ್ತದೆ. ಕುಪ್ಪಂ ಕಡೆಯ ಹಳ್ಳಿಗಳಿಗೂ ಈ ದಾರಿ ತೆರೆಯುತ್ತದೆ, ಕೆಜಿಎಫ್‌ನವರಿಗೆ ಚೆನ್ನೈ ಕಡೆಗೆ ನೇರ ಗಾಡಿಯ ಆಸೆಯೂ ಹುಟ್ಟುತ್ತದೆ. ಇದರಿಂದ ಊರಿಗೆ ಒಳ್ಳೆಯದೇ ಆಗಬಹುದು. ಆದರೆ ಕುಪ್ಪಂನಲ್ಲೇ ತುಂಬಿ ಬರುವ ಗಾಡಿಯಲ್ಲಿ ಬೆಳಗಿನ ಜಾವ ಮಾರಿಕುಪ್ಪಂನವರಿಗೆ ಕೂರಲು ಸೀಟು ಸಿಗುತ್ತದೆಯೇ ಎಂಬುದು ಪಾಸಿನವರ ಮೊದಲ ಪ್ರಶ್ನೆ.